ಪಾಲು ನಾಲ್ಕಾದರೂ ಬೋರ್‌ವೆಲ್ ಒಂದೇ

ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ "ಫೈರ್‌ವಾಲ್ ಅಂದ್ರೆ ಏನು?" ಅಂತ ಕೇಳಿದರೆ ನಮ್ಮಲ್ಲಿ ಎಲ್ಲರ ಉತ್ತರವೂ ಒಂದೇ: ಒಳಗಿನ ನೆಟ್‌ವರ್ಕ್‌ಗೂ ಹೊರಗಿನ ಇಂಟರ್‌ನೆಟ್‌ಗೂ ಮಧ್ಯೆ ಇರೋ ಗೋಡೆ. ತಪ್ಪೇನಿಲ್ಲ. ಆದರೆ ಮುಂದಿನ ಪ್ರಶ್ನೆಗೆ ಬಾಯಿ ಕಟ್ಟುತ್ತೆ: "ಒಂದೇ ಪೆಟ್ಟಿಗೆಯ ಹಿಂದೆ ಹಾಸ್ಟೆಲ್, ಲ್ಯಾಬ್, ಆಫೀಸ್, ಪರೀಕ್ಷಾ ವಿಭಾಗ ನಾಲ್ಕೂ ಇವೆ. ಈಗ ಒಳಗೆ ಅಂದ್ರೆ ಯಾವುದು, ಹೊರಗೆ ಅಂದ್ರೆ ಯಾವುದು?"

ನಾವು ಓದ್ತಿರೋ ಊರಿನ ಹೆಸರಲ್ಲೇ ಕೋಟೆ ಇದೆ. ಸುಗಟೂರಿನ ತಮ್ಮೇಗೌಡ 16ನೇ ಶತಮಾನದ ಕೊನೆಯಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ಕೋಲಾರದ ಹಳೇ ಕೋಟೆಯಿಂದ ಬೇರೆ ಅಂತ ಗುರುತಿಸೋಕೆ ಇದು ಹೊಸ ಕೋಟೆ ಆಯ್ತು. ಕೋಟೆಯ ಲೆಕ್ಕ ಸುಲಭ. ಸುತ್ತ ಗೋಡೆ, ಒಂದು ಬಾಗಿಲು, ಒಳಗಿರೋರು ನಮ್ಮವರು, ಹೊರಗಿರೋರು ಬೇರೆಯವರು. ನಮ್ಮ ಪಠ್ಯಪುಸ್ತಕದ ಫೈರ್‌ವಾಲ್ ಇವತ್ತಿಗೂ ಇದೇ ಕೋಟೆ. ಇವತ್ತಿನ ನೆಟ್‌ವರ್ಕ್ ಮಾತ್ರ ಕೋಟೆ ಥರ ಇಲ್ಲ. ಅದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆ ಥರ. ಮಧ್ಯೆ ಗೋಡೆ ಎದ್ದಿದೆ, ಅಡುಗೆಮನೆ ಬೇರೆಯಾಗಿದೆ, ಬಾಗಿಲು ಬೇರೆಯಾಗಿದೆ. ಆದರೆ ಬೋರ್‌ವೆಲ್ ಒಂದೇ, ಕರೆಂಟ್ ಮೀಟರ್ ಒಂದೇ.

ಒಂದು ಫೈರ್‌ವಾಲ್ ಪೆಟ್ಟಿಗೆಯನ್ನ ಹಲವು ವರ್ಚುಯಲ್ ಫೈರ್‌ವಾಲ್‌ಗಳಾಗಿ ಭಾಗ ಮಾಡೋದಕ್ಕೆ ಸಿಸ್ಕೋ ಭಾಷೆಯಲ್ಲಿ ಮಲ್ಟಿಪಲ್ ಕಾಂಟೆಕ್ಸ್ಟ್ ಅಂತಾರೆ. ನಿಘಂಟು ನೋಡಿ ಕಾಂಟೆಕ್ಸ್ಟ್‌ಗೆ 'ಸಂದರ್ಭ' ಅಂತ ಅನುವಾದಿಸಿದರೆ ಯಾರಿಗೂ ಏನೂ ಗೊತ್ತಾಗಲ್ಲ. 'ಪಾಲು' ಅಂದರೆ ಹೊಸಕೋಟೆ ತಾಲ್ಲೂಕಿನ ಯಾವ ಹಳ್ಳಿಯವರಿಗೂ ಅರ್ಥ ಆಗುತ್ತೆ. ನನ್ನ ವಾದ ಇಷ್ಟೇ. ಕಾಂಟೆಕ್ಸ್ಟ್ ಮಾಡೋದು ಗೋಡೆ ಕಟ್ಟೋ ಕೆಲಸ ಅಲ್ಲ, ಪಾಲುಪತ್ರ ಬರೆಯೋ ಕೆಲಸ. ಏನನ್ನ ಹಂಚಿದ್ದೀವಿ ಅನ್ನೋದಕ್ಕಿಂತ ಏನನ್ನ ಹಂಚದೆ ಉಳಿಸಿದ್ದೀವಿ ಅನ್ನೋದನ್ನ ಮೊದಲು ಬರೀಬೇಕು. ನಮ್ಮ ನಾಲ್ಕು ವರ್ಷದ ಕೋರ್ಸ್‌ನಲ್ಲಿ ಇದು ಎಲ್ಲೂ ಬರ್ತಿಲ್ಲ, ಬರಲೇಬೇಕು.

ತಾಲ್ಲೂಕು ಕಚೇರಿಯನ್ನೇ ನೋಡಿ

ಈ ಸಮಸ್ಯೆ ನೋಡೋಕೆ ವೈಟ್‌ಫೀಲ್ಡ್‌ನ ದೊಡ್ಡ ಕಂಪನಿಗೇ ಹೋಗಬೇಕಿಲ್ಲ. ಒಂದು ತಾಲ್ಲೂಕು ಕೇಂದ್ರದಲ್ಲಿ ಸರ್ಕಾರದ ಎಷ್ಟು ಕೆಲಸ ನೆಟ್‌ವರ್ಕ್ ಮೇಲೆ ನಡೆಯುತ್ತೆ ಅಂತ ಲೆಕ್ಕ ಹಾಕಿ. ಪಹಣಿಗೆ ಕಂದಾಯ ಇಲಾಖೆಯ ಭೂಮಿ. ಕ್ರಯಪತ್ರ, ವಿಭಾಗ ಪತ್ರ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕಾವೇರಿ. ಬಿಲ್ಲು, ಸಂಬಳ, ಪಿಂಚಣಿಗೆ ಖಜಾನೆಯ ಖಜಾನೆ ತಂತ್ರಾಂಶ. ಭೂಮಿ ಯೋಜನೆ ಶುರುವಾದ ಕಾಲಕ್ಕೇ 176 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ದಾಖಲೆ ಕಂಪ್ಯೂಟರ್‌ಗೆ ಬಂದಿದ್ದವು. ಇದಕ್ಕೆಲ್ಲ ರಸ್ತೆ ಬೇಕಲ್ಲ? ಅದಕ್ಕೇ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್ ಅನ್ನೋ ಕಲ್ಪನೆ. 2005ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 3,334 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕನಿಷ್ಠ 2 ಎಂಬಿಪಿಎಸ್ ಸಂಪರ್ಕ ಅನ್ನೋದು ಅದರ ಗುರಿ. ಕರ್ನಾಟಕದಲ್ಲಿ ಅದೇ ಕೆಸ್ವಾನ್.

ರಸ್ತೆ ಒಂದು, ಅದರ ಮೇಲೆ ಓಡಾಡೋ ಇಲಾಖೆಗಳು ಹತ್ತಾರು. ಖಜಾನೆಯವರ ಸರ್ವರ್‌ಗೆ ಕಂದಾಯ ಇಲಾಖೆಯ ಕಂಪ್ಯೂಟರ್‌ನಿಂದ ಯಾಕೆ ದಾರಿ ಇರಬೇಕು? ಇರಬಾರದು. ಹಾಗಂತ ಎಲ್ಲವನ್ನೂ ಪೂರ್ತಿ ಬೇರೆ ಮಾಡೋಕೂ ಆಗಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನು ನೋಂದಣಿ ಆದ ಮೇಲೆ ಆ ಮಾಹಿತಿ ಜೆ-ಸ್ಲಿಪ್ ಆಗಿ ಕಾವೇರಿಯಿಂದ ಭೂಮಿಗೆ ಹೋಗಬೇಕು. ಅಲ್ಲಿಂದ ಮ್ಯುಟೇಷನ್, ಆಮೇಲೆ ಪಹಣಿಯಲ್ಲಿ ಹೆಸರು ಬದಲಾವಣೆ. ಅಂದರೆ ಗೋಡೆ ಬೇಕು, ಗೋಡೆಯಲ್ಲಿ ಒಂದು ಕಿಂಡಿಯೂ ಬೇಕು, ಆ ಕಿಂಡಿಯಿಂದ ಯಾವುದು ಹೋಗಬೇಕೋ ಅದು ಮಾತ್ರ ಹೋಗಬೇಕು. ಎಷ್ಟೋ ಇಲಾಖೆ, ಎಷ್ಟೋ ಗಿರಾಕಿಗಳು ಒಂದೇ ನೆಟ್‌ವರ್ಕ್ ಬಳಸೋ ಎಲ್ಲ ಕಡೆಯೂ, ಡೇಟಾ ಸೆಂಟರ್ ಆಗಲಿ, ಆಸ್ಪತ್ರೆ ಆಗಲಿ, ಕಾಲೇಜು ಆಗಲಿ, ಇದೇ ಕಥೆ.

ಇದು ಬರೀ ಪುಸ್ತಕದ ಭಯ ಅಲ್ಲ. 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿ ಟೆಂಡರ್ ಠೇವಣಿಯ 11 ಕೋಟಿಗೂ ಹೆಚ್ಚು ರೂಪಾಯಿ ಹೊಡೆದಿದ್ದು ನಿಮಗೆ ನೆನಪಿರಬಹುದು. ಅದು ಫೈರ್‌ವಾಲ್ ಪಾಲಿನ ಪ್ರಕರಣ ಅಲ್ಲ. ಆದರೆ ಸರ್ಕಾರಿ ನೆಟ್‌ವರ್ಕ್ ಅಂದ್ರೆ ಯಾರಿಗೂ ಬೇಡದ ವಸ್ತು ಅಂತ ಅಂದುಕೊಂಡಿರೋರಿಗೆ ಅದು ಉತ್ತರ. ಒಂದು ಕಡೆ ನುಗ್ಗಿದವನು ಪಕ್ಕದ ಮನೆಗೆ ದಾಟದ ಹಾಗೆ ತಡೆಯೋದೇ ಪಾಲಿನ ಉದ್ದೇಶ.

ಪಾಲುಪತ್ರ ಹೇಗಿರುತ್ತೆ?

ಈ ಕಲ್ಪನೆ ಹೊಸದೇನಲ್ಲ. ಸಿಸ್ಕೋದ ಪಿಕ್ಸ್ 7.0 ಮತ್ತು ಎಎಸ್‌ಎ ಬಂದ 2005ರಿಂದ ಇದು ಸಾಮಾನ್ಯವಾಯ್ತು. ಫೋರ್ಟಿನೆಟ್‌ನವರು ಇದನ್ನೇ ವಿಡಾಮ್ ಅಂತಾರೆ, ಪಾಲೋ ಆಲ್ಟೋದವರು ವರ್ಚುಯಲ್ ಸಿಸ್ಟಂ ಅಂತಾರೆ, ಚೆಕ್ ಪಾಯಿಂಟ್‌ನವರು ವಿಎಸ್‌ಎಕ್ಸ್ ಅಂತಾರೆ. ಹೆಸರು ಬೇರೆ, ಬಾಳ್ವೆ ಒಂದೇ. ಉದಾಹರಣೆಗೆ ಎಎಸ್‌ಎ ತಗೊಳ್ಳೋಣ.

'ಮೋಡ್ ಮಲ್ಟಿಪಲ್' ಅಂತ ಒಂದು ಆಜ್ಞೆ ಕೊಟ್ಟರೆ ಪೆಟ್ಟಿಗೆ ರೀಬೂಟ್ ಆಗುತ್ತೆ. ಇದ್ದ ಕಾನ್ಫಿಗರೇಷನ್ ಎರಡಾಗಿ ಒಡೆಯುತ್ತೆ: ಒಂದು ಸಿಸ್ಟಂ ಕಾನ್ಫಿಗರೇಷನ್, ಇನ್ನೊಂದು ಅಡ್ಮಿನ್ ಕಾಂಟೆಕ್ಸ್ಟ್. ಆಗ ಓಡ್ತಿದ್ದ ಹಳೇ ಕಾನ್ಫಿಗರೇಷನ್‌ನ ನಕಲು ಫ್ಲ್ಯಾಶ್‌ನಲ್ಲಿ ಉಳಿಯುತ್ತೆ. ಆದರೆ ಹಳೇ ಸ್ಟಾರ್ಟ್‌ಅಪ್ ಕಾನ್ಫಿಗರೇಷನ್ ಉಳಿಯಲ್ಲ, ಅದನ್ನ ಮೊದಲೇ ಬೇರೆ ಕಡೆ ತೆಗೆದಿಡಬೇಕು. ಇನ್ನೊಂದು ಸೂಕ್ಷ್ಮ: ಪೆಟ್ಟಿಗೆ ಯಾವ ಮೋಡ್‌ನಲ್ಲಿದೆ ಅನ್ನೋದು ಕಾನ್ಫಿಗರೇಷನ್ ಫೈಲ್‌ನಲ್ಲಿ ಇರೋದೇ ಇಲ್ಲ. ಪೆಟ್ಟಿಗೆ ಕೆಟ್ಟು ಹೊಸದು ತಂದಾಗ ಬ್ಯಾಕಪ್ ಸುರಿದರೆ ಸಾಲದು, ಮೊದಲು ಅದರ ಮೋಡ್ ಬದಲಾಯಿಸಬೇಕು.

ಸಿಸ್ಟಂ ಜಾಗ ಅನ್ನೋದು ಹಿರಿಯ ಯಜಮಾನ ಕೂತು ಪಾಲು ಮಾಡೋ ಜಗಲಿ. ಅಲ್ಲಿಂದ ಟ್ರಾಫಿಕ್ ಹಾಯಲ್ಲ. ಅಲ್ಲಿ ಬರೆಯೋದು ಮುಖ್ಯವಾಗಿ ಮೂರು ಮಾತು. ಪಾಲಿನ ಹೆಸರು ಏನು? ಅದಕ್ಕೆ ಯಾವ ಇಂಟರ್‌ಫೇಸ್ ಅಥವಾ ವಿಲ್ಯಾನ್ ಕೊಟ್ಟಿದ್ದೀವಿ? ಆ ಪಾಲಿನ ಕಾನ್ಫಿಗರೇಷನ್ ಫೈಲ್ ಎಲ್ಲಿದೆ? ಇಷ್ಟಾದ ಮೇಲೆ ಪ್ರತಿ ಪಾಲಿನೊಳಗೆ ಹೋಗಿ ಅದರದ್ದೇ ಐಪಿ ವಿಳಾಸ, ಅದರದ್ದೇ ರೂಟ್, ಅದರದ್ದೇ ಆಕ್ಸೆಸ್ ಲಿಸ್ಟ್, ಅದರದ್ದೇ ನ್ಯಾಟ್, ಅದರದ್ದೇ ಪಾಸ್‌ವರ್ಡ್ ಹಾಕಬಹುದು. ಹಾಸ್ಟೆಲ್ ಪಾಲಿನ ಅಡ್ಮಿನ್ ಪರೀಕ್ಷಾ ವಿಭಾಗದ ಪಾಲನ್ನ ನೋಡೋಕೂ ಆಗಲ್ಲ. ಎರಡು ಪಾಲಿನ ಮಧ್ಯೆ ದಾರಿ ಬೇಕಂದ್ರೆ ಎರಡೂ ಕಡೆ ರೂಲ್ ಬೇಕು. ಇದು ನನಗೆ ಬಹಳ ಇಷ್ಟವಾದ ಗುಣ. ಒಬ್ಬರು ಒಪ್ಪಿದರೆ ಸಾಲದು, ಇಬ್ಬರೂ ಒಪ್ಪಿದರೆ ಮಾತ್ರ ಕಿಂಡಿ ತೆಗೆಯುತ್ತೆ.

ಇಲ್ಲಿವರೆಗೆ ಯಾರಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಯೂಟ್ಯೂಬ್ ವಿಡಿಯೋಗಳೂ ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ನಿಜವಾದ ತಕರಾರು ಶುರುವಾಗೋದು ಇಲ್ಲಿಂದ ಮುಂದೆ.

ಹಂಚದೆ ಉಳಿದಿದ್ದು

ಹಳ್ಳಿ ಕಡೆ ಪಾಲುಪಾರಿಕತ್ತು ಬರೆಸುವಾಗ ಅನುಭವ ಇರೋ ಹಿರಿಯರು ಚೆಕ್ಕುಬಂದಿ ಬರೆದು ಸುಮ್ಮನಾಗಲ್ಲ. ದಾರಿ ಯಾರಿಗೆ, ಬೋರ್‌ವೆಲ್ ನೀರು ಯಾರಿಗೆ ಯಾವ ದಿನ, ಕಣ ಯಾರದ್ದು ಅಂತ ಬಿಡಿಬಿಡಿಯಾಗಿ ಬರೆಸ್ತಾರೆ. ಕೋರ್ಟಿಗೆ ಹೋಗೋ ಜಗಳ ಇದರಿಂದಲೇ ಅಂತ ಅವರಿಗೆ ಗೊತ್ತು. ಫೈರ್‌ವಾಲ್‌ನಲ್ಲೂ ಹಂಚದೆ ಉಳಿಯೋ ವಸ್ತು ಕನಿಷ್ಠ ಐದಿವೆ.

ಮೊದಲನೇದು ದಾರಿ. ನಾಲ್ಕು ಪಾಲಿಗೂ ಇಂಟರ್‌ನೆಟ್ ಲಿಂಕ್ ಒಂದೇ ಆಗಿದ್ದರೆ ಹೊರಗಿನ ಇಂಟರ್‌ಫೇಸ್ ಹಂಚಿಕೊಳ್ಳಬೇಕಾಗುತ್ತೆ. ಆಗ ಹೊರಗಿಂದ ಬಂದ ಪ್ಯಾಕೆಟ್ ಯಾವ ಪಾಲಿಗೆ ಸೇರಿದ್ದು ಅಂತ ಪೆಟ್ಟಿಗೆ ಹೇಗೆ ತೀರ್ಮಾನ ಮಾಡಬೇಕು? ಪ್ರತಿ ಪಾಲಿಗೂ ಬೇರೆ ಬೇರೆ ಮ್ಯಾಕ್ ವಿಳಾಸ ಇದ್ದರೆ ಅದನ್ನ ನೋಡುತ್ತೆ. ಅದಿಲ್ಲದಿದ್ದರೆ ನ್ಯಾಟ್ ರೂಲ್‌ನಲ್ಲಿರೋ ವಿಳಾಸ ನೋಡುತ್ತೆ. ಎರಡೂ ಸಿಗದಿದ್ದರೆ ಪ್ಯಾಕೆಟ್ ಬಿಸಾಕುತ್ತೆ. ಪೋಸ್ಟ್‌ಮ್ಯಾನ್‌ಗೆ ಒಂದೇ ಡೋರ್ ನಂಬರ್‌ನ ನಾಲ್ಕು ಮನೆ ತೋರಿಸಿದ ಹಾಗೆ. "ರೂಲ್ ಎಲ್ಲ ಸರಿ ಇದೆ, ಆದ್ರೂ ಟ್ರಾಫಿಕ್ ಬರ್ತಿಲ್ಲ" ಅಂತ ತಲೆ ಕೆಡಿಸಿಕೊಳ್ಳೋರು ಮೊದಲು ನೋಡಬೇಕಾದ್ದು ಈ ಜಾಗವನ್ನ.

ಎರಡನೇದು ನೀರು, ಅಂದರೆ ಕನೆಕ್ಷನ್ ಟೇಬಲ್ ಮತ್ತು ಸಿಪಿಯು. ಇದು ಬಹಳ ಜನ ಮರೆಯೋ ವಿಷಯ. ಎಎಸ್‌ಎಯಲ್ಲಿ ನೀವು ಏನೂ ಹೇಳದಿದ್ದರೆ ಎಲ್ಲ ಪಾಲೂ 'ಡೀಫಾಲ್ಟ್' ಅನ್ನೋ ವರ್ಗಕ್ಕೆ ಸೇರುತ್ತೆ. ಅದರಲ್ಲಿ ಎಸ್‌ಎಸ್‌ಎಚ್, ಟೆಲ್ನೆಟ್ ಥರದ ಮ್ಯಾನೇಜ್‌ಮೆಂಟ್ ಸೆಷನ್‌ಗೆ 5 ಅಂತ ಮಿತಿ ಇದೆ. ಆದರೆ ಕನೆಕ್ಷನ್‌ಗೆ ಮಿತಿಯೇ ಇಲ್ಲ. ಅಂದರೆ ಹಾಸ್ಟೆಲ್‌ನಲ್ಲಿ ನಾಲ್ಕು ಜನ ಟೊರೆಂಟ್ ಹಾಕಿ, ಒಂದು ಲ್ಯಾಪ್‌ಟಾಪ್‌ಗೆ ಮಾಲ್‌ವೇರ್ ಹತ್ತಿ ಸಾವಿರಾರು ಕನೆಕ್ಷನ್ ತೆರೆಯೋಕೆ ಶುರು ಮಾಡಿದರೆ, ಟೇಬಲ್ ತುಂಬಿ ಪರೀಕ್ಷಾ ವಿಭಾಗದ ಪಾಲಿಗೆ ಜಾಗವೇ ಇರಲ್ಲ. ಗೋಡೆ ಹಾಗೇ ಇದೆ, ಯಾರೂ ಒಳಗೆ ನುಗ್ಗಿಲ್ಲ, ಆದ್ರೂ ಪಕ್ಕದ ಮನೆಯ ನಲ್ಲಿ ಒಣಗಿದೆ. ಇದಕ್ಕೇ ಪ್ರತಿ ಪಾಲಿಗೂ ವರ್ಗ ಮಾಡಿ 'ಲಿಮಿಟ್-ರಿಸೋರ್ಸ್' ಹಾಕಬೇಕು. ಹಾಕಿದ ಮೇಲೂ ಎರಡು ಮಾತು ನೆನಪಿರಲಿ. ಆ ಮಿತಿ ಅನ್ನೋದು ಗರಿಷ್ಠ ಮಿತಿ ಮಾತ್ರ, ನಿಮಗಾಗಿ ತೆಗೆದಿಟ್ಟ ಪಾಲು ಅಲ್ಲ. ನಾಲ್ಕು ಪಾಲಿಗೂ ಶೇ. 40 ಅಂತ ಕೊಟ್ಟರೆ ಪೆಟ್ಟಿಗೆ ಬೇಡ ಅನ್ನಲ್ಲ, ಒಟ್ಟು 160 ಆಯ್ತಲ್ಲ ಅಂತ ಕೇಳೋದೂ ಇಲ್ಲ. ಇನ್ನು ಸಿಪಿಯುಗೆ ಮಿತಿ ಹಾಕೋ ಅವಕಾಶ ಆ ಪಟ್ಟಿಯಲ್ಲೇ ಇಲ್ಲ.

ಮೂರನೇದು ನೆಲ, ಅಂದರೆ ಆಪರೇಟಿಂಗ್ ಸಿಸ್ಟಂ. ಪಾಲು ಎಷ್ಟೇ ಇರಲಿ, ಕೆಳಗೆ ಓಡ್ತಿರೋ ಸಾಫ್ಟ್‌ವೇರ್ ಒಂದೇ. 2018ರಲ್ಲಿ ಎಎಸ್‌ಎಯ ವೆಬ್‌ವಿಪಿಎನ್ ಭಾಗದಲ್ಲಿ ಸಿಕ್ಕ ದೋಷಕ್ಕೆ ತೀವ್ರತೆಯ ಅಂಕ 10ಕ್ಕೆ 10 ಬಂತು. 2024ರ ಏಪ್ರಿಲ್‌ನಲ್ಲಿ ಆರ್ಕೇನ್‌ಡೋರ್ ಹೆಸರಿನ ದಾಳಿ ಹೊರಬಂತು, ಅದು ಸರ್ಕಾರಿ ನೆಟ್‌ವರ್ಕ್‌ಗಳ ಎಎಸ್‌ಎ ಪೆಟ್ಟಿಗೆಗಳನ್ನೇ ಗುರಿ ಮಾಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೆರಡು ದೋಷಗಳಿಗಾಗಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ತನ್ನ ಇಲಾಖೆಗಳಿಗೆ ತುರ್ತು ಆದೇಶ ಕೊಡಬೇಕಾಯ್ತು. ಅಡಿಪಾಯ ಬಿರುಕು ಬಿಟ್ಟರೆ ಅಣ್ಣನ ಗೋಡೆ, ತಮ್ಮನ ಗೋಡೆ ಅಂತ ಬಿರುಕು ಕೇಳಲ್ಲ. ಪ್ಯಾಚ್ ಹಾಕೋಕೆ ರೀಬೂಟ್ ಮಾಡಿದರೂ ಅಷ್ಟೇ. ಜೋಡಿ ಪೆಟ್ಟಿಗೆ ಇಲ್ಲದಿದ್ದರೆ ನಾಲ್ಕೂ ಪಾಲಿಗೆ ಒಟ್ಟಿಗೇ ಕತ್ತಲು.

ನಾಲ್ಕನೇದು ಕೀಲಿಕೈ. ಅಡ್ಮಿನ್ ಕಾಂಟೆಕ್ಸ್ಟ್ ನೋಡೋಕೆ ಬೇರೆ ಪಾಲುಗಳ ಥರವೇ ಇರುತ್ತೆ. ಆದರೆ ಅದಕ್ಕೆ ಲಾಗಿನ್ ಆದವರು 'ಚೇಂಜ್‌ಟು' ಅನ್ನೋ ಆಜ್ಞೆಯಿಂದ ಸಿಸ್ಟಂ ಜಾಗಕ್ಕೂ ಹೋಗಬಹುದು, ಯಾವ ಪಾಲಿಗೆ ಬೇಕಾದರೂ ಹೋಗಬಹುದು. ಇದನ್ನ ತಿಳಿಯದೆ "ಅಡ್ಮಿನ್ ಅನ್ನೋದೂ ಒಂದು ಕಾಂಟೆಕ್ಸ್ಟೇ ಅಲ್ವಾ" ಅಂತ ಅದನ್ನೇ ಯಾವುದೋ ಒಂದು ವಿಭಾಗಕ್ಕೆ ಕೊಟ್ಟರೆ, ಮನೆ ಪೂರ್ತಿ ಕೀಲಿಗೊಂಚಲು ಒಬ್ಬ ಬಾಡಿಗೆದಾರರಿಗೆ ಕೊಟ್ಟ ಹಾಗೆ. ಇನ್ನೂ ಸೂಕ್ಷ್ಮ ಒಂದಿದೆ. ನೀವು ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿ 'ಚೇಂಜ್‌ಟು' ಮಾಡಿ ಪಕ್ಕದ ಪಾಲಿಗೆ ಹೋದರೆ, ಅಲ್ಲಿ ನಿಮ್ಮ ಗುರುತು ನಿಮ್ಮ ಹೆಸರಲ್ಲ, 'ಎನೇಬಲ್_15' ಅನ್ನೋ ಸಾಮಾನ್ಯ ಹೆಸರು. ನಾಳೆ "ಈ ರೂಲ್ ಯಾರು ತೆಗೆದಿದ್ದು?" ಅಂತ ಲಾಗ್ ನೋಡಿದರೆ ವ್ಯಕ್ತಿ ಸಿಗಲ್ಲ. ಹತ್ತು ಜನಕ್ಕೆ ಅಡ್ಮಿನ್ ಪ್ರವೇಶ ಇದ್ದರೆ ಹತ್ತು ಜನರ ಮೇಲೂ ಅನುಮಾನ. ಹಾಗಾಗಿ ಆ ಪ್ರವೇಶ ಇರೋರ ಪಟ್ಟಿ ಆದಷ್ಟು ಚಿಕ್ಕದಿರಬೇಕು. ದಿನನಿತ್ಯದ ಬದಲಾವಣೆಗೆ ಆಯಾ ಪಾಲಿಗೇ ನೇರ ಲಾಗಿನ್ ಆಗಬೇಕು.

ಐದನೇದು ಗಡಿಯಾರ ಮತ್ತು ಲೆಕ್ಕದ ಪುಸ್ತಕ. ಸಮಯ ಇಡೋದು ಸಿಸ್ಟಂ ಜಾಗದಲ್ಲಿ ಮಾತ್ರ, ಎಲ್ಲ ಪಾಲಿಗೂ ಅದೇ ಗಡಿಯಾರ. ಲಾಗ್ ಮಾತ್ರ ಪ್ರತಿ ಪಾಲಿನದ್ದೂ ಬೇರೆ, ಪ್ರತಿಯೊಂದರಲ್ಲೂ ಬೇರೆಯಾಗಿಯೇ ಹೇಳಬೇಕು. ಹೇಳೋಕೆ ಮರೆತ ಪಾಲಿನಿಂದ ಒಂದು ಸಾಲೂ ಬರಲ್ಲ. ಎಲ್ಲ ಪಾಲಿನ ಲಾಗ್ ಒಂದೇ ಸರ್ವರ್‌ಗೆ ಹೋಗ್ತಿದ್ದರೆ ಸಂದೇಶದ ಜೊತೆ ಕಾಂಟೆಕ್ಸ್ಟ್ ಹೆಸರು ಸೇರಿಸೋ ಸೆಟ್ಟಿಂಗ್ ಹಾಕಲೇಬೇಕು, ಇಲ್ಲಾಂದ್ರೆ ಯಾರ ಮನೆಯ ಲೆಕ್ಕ ಯಾವುದು ಅಂತ ತಿಳಿಯಲ್ಲ. ಇದು ಬರೀ ಅಚ್ಚುಕಟ್ಟಿನ ವಿಷಯವೂ ಅಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು, ಗಡಿಯಾರವನ್ನ ನಿಗದಿತ ಸಮಯ ಸರ್ವರ್‌ಗಳಿಗೆ ಹೊಂದಿಸಿರಬೇಕು. 6 ಗಂಟೆಯಲ್ಲಿ ವರದಿ ಕೊಡಬೇಕಾದಾಗ ಯಾವ ಪಾಲು ಅಂತ ಹುಡುಕ್ತಾ ಕೂರೋಕಾಗಲ್ಲ.

ಇದರ ಜೊತೆಗೆ ನಮ್ಮ ಕಡೆ ಕರೆಂಟ್ ಇದ್ದೇ ಇದೆ. ಒಂದು ಪಾಲಿನೊಳಗೆ ಕೂತು ಸೇವ್ ಮಾಡಿದರೆ ಆ ಪಾಲು ಮಾತ್ರ ಸೇವ್ ಆಗುತ್ತೆ. ಎಲ್ಲವೂ ಉಳಿಯಬೇಕಂದ್ರೆ ಸಿಸ್ಟಂ ಜಾಗಕ್ಕೆ ಬಂದು 'ರೈಟ್ ಮೆಮೊರಿ ಆಲ್' ಅನ್ನಬೇಕು. ಯುಪಿಎಸ್ ಬ್ಯಾಟರಿ ಸತ್ತಿರೋ ದಿನ ಇದರ ಬೆಲೆ ಗೊತ್ತಾಗುತ್ತೆ.

"ಇಷ್ಟೆಲ್ಲ ರಗಳೆ ಯಾಕೆ?"

ಇಷ್ಟು ಹೇಳಿದ ತಕ್ಷಣ ಮೂರು ಆಕ್ಷೇಪ ಬರುತ್ತೆ. ಮೂರೂ ನ್ಯಾಯವಾದವೇ.

"ಹಂಚಿಕೊಳ್ಳೋದೇ ತೊಂದರೆ ಅಂದ್ರೆ ಬೇರೆ ಬೇರೆ ಪೆಟ್ಟಿಗೆ ತಗೊಳ್ಳಿ." ಕೆಲವು ಕಡೆ ಇದೇ ಸರಿಯಾದ ಉತ್ತರ. ಪರೀಕ್ಷಾ ವಿಭಾಗದಂಥ ಜಾಗಕ್ಕೆ, ಸಾಧ್ಯವಾದರೆ, ಬೇರೆ ಪೆಟ್ಟಿಗೆಯೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ಪ್ರಶ್ನೆಪತ್ರಿಕೆಯೂ ಹಾಸ್ಟೆಲ್‌ನ ರೀಲ್ಸೂ ಒಂದೇ ಸಿಪಿಯು ಮೇಲೆ ಹಾಯೋ ಅಗತ್ಯ ಇಲ್ಲ. ಆದರೆ ಎಲ್ಲದಕ್ಕೂ ಬೇರೆ ಪೆಟ್ಟಿಗೆ ಅಂದ್ರೆ ಎಲ್ಲದಕ್ಕೂ ಬೇರೆ ಲೈಸೆನ್ಸ್, ಬೇರೆ ವಾರ್ಷಿಕ ನಿರ್ವಹಣೆ, ಬೇರೆ ಪ್ಯಾಚ್. ಪ್ಯಾಚ್ ಹಾಕದೆ ಬಿಟ್ಟ ಹತ್ತು ಪೆಟ್ಟಿಗೆಗಿಂತ ಚೆನ್ನಾಗಿ ನೋಡಿಕೊಂಡ ಎರಡು ಪೆಟ್ಟಿಗೆ ಮೇಲು. ಎರಡು ಪೆಟ್ಟಿಗೆಯನ್ನ ಜೋಡಿ ಮಾಡಿ ಅರ್ಧ ಪಾಲು ಇದರಲ್ಲಿ, ಅರ್ಧ ಪಾಲು ಅದರಲ್ಲಿ ಓಡಿಸೋ ಆಕ್ಟಿವ್-ಆಕ್ಟಿವ್ ವ್ಯವಸ್ಥೆಯೂ ಇದೆ. ಅಲ್ಲೂ ಅದೇ ಎಚ್ಚರ: ಒಂದು ಕೆಟ್ಟ ದಿನ ಇನ್ನೊಂದು ಇಡೀ ಭಾರ ಹೊರಬೇಕು. ಹಾಗಾಗಿ ಎರಡೂ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು.

"ಇದು ಹಳೇ ಕಾಲದ್ದು, ಈಗೆಲ್ಲ ಕ್ಲೌಡ್." ಪೆಟ್ಟಿಗೆ ಹಳೇದಾಗಬಹುದು, ಪ್ರಶ್ನೆ ಹಳೇದಾಗಲ್ಲ. ಕ್ಲೌಡ್‌ನ ವಿಪಿಸಿ, ಲಿನಕ್ಸ್‌ನ ನೇಮ್‌ಸ್ಪೇಸ್, ಕುಬರ್ನೆಟಿಸ್, ರೂಟರ್‌ನ ವಿಆರ್‌ಎಫ್, ಎಲ್ಲದರಲ್ಲೂ ಇರೋದು ಇದೇ ಪಾಲು. ಒಂದೇ ಯಂತ್ರದಲ್ಲಿ ಹಲವು ಸಂಸಾರ. ಸಿಸ್ಕೋದವರೇ ತಮ್ಮ ಹೊಸ ದೊಡ್ಡ ಪೆಟ್ಟಿಗೆಗಳಲ್ಲಿ ಪ್ರತಿ ಪಾಲಿಗೂ ಸಿಪಿಯು ಕೋರ್, ಮೆಮೊರಿ ಬೇರೆ ಕೊಡೋ ಮಲ್ಟಿ-ಇನ್‌ಸ್ಟೆನ್ಸ್ ವ್ಯವಸ್ಥೆ ತಂದಿದ್ದಾರೆ. ಯಾಕೆ ತಂದರು? ಬೋರ್‌ವೆಲ್ ಜಗಳ ಅವರಿಗೂ ಸಾಕಾಗಿತ್ತು ಅಂತಲೇ ನಾನು ಓದಿಕೊಳ್ಳೋದು.

"ಇದು ನೆಟ್‌ವರ್ಕ್ ಅಡ್ಮಿನ್ ಕೆಲಸ, ನಾವು ಕೋಡ್ ಬರೆಯೋರು." ನಮ್ಮಲ್ಲಿ ಪಾಸಾದವರಲ್ಲಿ ಎಷ್ಟೋ ಜನರ ಮೊದಲ ಕೆಲಸ ಸಪೋರ್ಟ್ ಅಥವಾ ಎನ್‌ಒಸಿ. ಮೊದಲ ತಿಂಗಳಲ್ಲೇ ನೈಟ್ ಶಿಫ್ಟ್‌ನಲ್ಲಿ ಒಬ್ಬರೇ ಕೂತು ಯಾರದ್ದೋ ಲೈವ್ ಫೈರ್‌ವಾಲ್‌ಗೆ ಲಾಗಿನ್ ಆಗ್ತೀವಿ. ಪ್ರಾಂಪ್ಟ್‌ನಲ್ಲಿ ಪೆಟ್ಟಿಗೆ ಹೆಸರಿನ ಪಕ್ಕ ಗೆರೆ ಹಾಕಿ ಕಾಂಟೆಕ್ಸ್ಟ್ ಹೆಸರು ಇರುತ್ತೆ. ಅದನ್ನ ಓದದೆ ಆಜ್ಞೆ ಟೈಪ್ ಮಾಡಿದರೆ ಬೇರೆ ಗಿರಾಕಿಯ ರೂಲ್ ಬದಲಾಗುತ್ತೆ. ಅದಕ್ಕೂ ಮೊದಲು ಪಾಲು ಅಂದ್ರೆ ಏನು ಅಂತ ಗೊತ್ತಿರೋದು ಒಳ್ಳೇದಲ್ವಾ?

ನಮ್ಮ ಲ್ಯಾಬ್‌ನಲ್ಲಿ ಏನಿದೆ, ಏನಿಲ್ಲ

ವಿಟಿಯು ಕಂಪ್ಯೂಟರ್ ನೆಟ್‌ವರ್ಕ್ಸ್ ಲ್ಯಾಬ್‌ನಲ್ಲಿ ಎಷ್ಟೋ ಬ್ಯಾಚ್‌ಗಳು ಎನ್‌ಎಸ್-2 ಸಿಮ್ಯುಲೇಷನ್, ಸಿಆರ್‌ಸಿ, ಬೆಲ್‌ಮನ್-ಫೋರ್ಡ್, ಆರ್‌ಎಸ್‌ಎ, ಲೀಕಿ ಬಕೆಟ್ ಬರೆದು ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡಿವೆ. ಅವು ಬೇಡ ಅಂತ ನಾನು ಹೇಳ್ತಿಲ್ಲ. ತೂತು ಬಕೆಟ್‌ನ ಪ್ರೋಗ್ರಾಂ ಕಲಿಸೋದೂ ಮಿತಿಯನ್ನೇ, ಮೇಲೆ ಹೇಳಿದ ನೀರಿನ ಜಗಳವನ್ನೇ. ಆದರೆ ಅದನ್ನ ಜಾವಾದಲ್ಲಿ ಬರೆದು ಔಟ್‌ಪುಟ್ ತೋರಿಸಿದ ಮೇಲೆ ಅದಕ್ಕೂ ನಮ್ಮ ಹಾಸ್ಟೆಲ್ ವೈಫೈಗೂ ಏನು ಸಂಬಂಧ ಅಂತ ಯಾರೂ ಕೇಳಲ್ಲ.

ಸ್ವಂತ ಆಸಕ್ತಿಯಿಂದ ಪ್ಯಾಕೆಟ್ ಟ್ರೇಸರ್ ಹಾಕಿಕೊಂಡವರಿಗೂ ಇದು ಸಿಗಲ್ಲ. ಅದರಲ್ಲಿರೋ ಎಎಸ್‌ಎ 5505 ಮತ್ತು 5506-ಎಕ್ಸ್, ಎರಡೂ ಅಸಲಿ ಪೆಟ್ಟಿಗೆಯಲ್ಲೇ ಮಲ್ಟಿಪಲ್ ಮೋಡ್ ಇಲ್ಲದ ಮಾದರಿಗಳು. ವರ್ಚುಯಲ್ ಮೆಷಿನ್ ಆಗಿ ಸಿಗೋ ಎಎಸ್‌ಎವಿಯಲ್ಲೂ ಅದಿಲ್ಲ. ಅಂದರೆ ಸಾಮಾನ್ಯ ವಿದ್ಯಾರ್ಥಿಗೆ ಕೈಗೆಟಕೋ ಮೂರೂ ಕಡೆ ಈ ಪಾಠಕ್ಕೆ ಬಾಗಿಲು ಮುಚ್ಚಿದೆ.

ಆದರೆ ಲಿನಕ್ಸ್ ಇದೆಯಲ್ಲ. ಲ್ಯಾಬ್‌ನ ಉಬುಂಟು ಸಾಕು. ಒಂದು ಸಿಪಿಯು ಕೊಟ್ಟ ವರ್ಚುಯಲ್ ಮೆಷಿನ್ ಮಾಡಿ. 'ಐಪಿ ನೆಟ್‌ಎನ್‌ಎಸ್ ಆಡ್' ಆಜ್ಞೆಯಿಂದ ಎರಡು ನೇಮ್‌ಸ್ಪೇಸ್ ಮಾಡಿ: ಒಂದಕ್ಕೆ ಹಾಸ್ಟೆಲ್, ಇನ್ನೊಂದಕ್ಕೆ ಪರೀಕ್ಷೆ ಅಂತ ಹೆಸರಿಡಿ. ವೆತ್ ಜೋಡಿಗಳಿಂದ ಎರಡಕ್ಕೂ ತಂತಿ ಎಳೆಯಿರಿ. ಎರಡರಲ್ಲೂ ಬೇರೆ ರೂಟ್, ಬೇರೆ ಎನ್‌ಎಫ್‌ಟೇಬಲ್ಸ್ ರೂಲ್ ಹಾಕಿ. ಇದು ಅದಕ್ಕೆ ಕಾಣಲ್ಲ, ಅದು ಇದಕ್ಕೆ ಕಾಣಲ್ಲ ಅಂತ ಪಿಂಗ್ ಮಾಡಿ ಖಚಿತ ಮಾಡಿಕೊಳ್ಳಿ. ಗೋಡೆ ಆಯ್ತು. ಈಗ ಹಾಸ್ಟೆಲ್ ಪಾಲಿನಲ್ಲಿ ಐಪರ್ಫ್ ಹಾಕಿ ಟ್ರಾಫಿಕ್ ಸುರಿಯಿರಿ, ಪರೀಕ್ಷೆ ಪಾಲಿನಲ್ಲಿ ಪಿಂಗ್ ಸಮಯ ಏನಾಗುತ್ತೆ ನೋಡಿ. ಆಮೇಲೆ ಟಿಸಿಯಿಂದ ಹಾಸ್ಟೆಲ್ ಪಾಲಿಗೆ ಮಿತಿ ಹಾಕಿ, ಮತ್ತೆ ಅಳೆಯಿರಿ. ಕೊನೆಗೆ ಹೊರಗಿನ ರೂಟ್ ಯೂಸರ್ ಆಗಿ ಎರಡೂ ನೇಮ್‌ಸ್ಪೇಸ್‌ಗೆ ಆರಾಮಾಗಿ ಹೋಗಿ ಬನ್ನಿ. ಗೋಡೆ, ನೀರು, ಕೀಲಿಕೈ ಮೂರೂ ಪಾಠ ಎರಡು ಗಂಟೆಯ ಒಂದು ಲ್ಯಾಬ್ ಸ್ಲಾಟ್‌ನಲ್ಲಿ ಮುಗಿಯುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ. ಮಾಡೋದಿದ್ದರೆ ನಿಮ್ಮ ವರ್ಚುಯಲ್ ಮೆಷಿನ್ ಒಳಗೆ ಮಾತ್ರ ಮಾಡಿ. ಕಾಲೇಜಿನ ನೆಟ್‌ವರ್ಕ್ ಮೇಲೆ ಇದನ್ನ ಪರೀಕ್ಷೆ ಮಾಡಿದರೆ ಐಟಿ ಕಾಯ್ದೆಯ ಸೆಕ್ಷನ್ 66 ಅನ್ನೋ ಬೇರೆ ಪಾಠ ಕಲಿಯಬೇಕಾಗುತ್ತೆ, ಅದರಲ್ಲಿ 3 ವರ್ಷದವರೆಗೆ ಜೈಲಿದೆ.

ಕೇಳಬೇಕಾದ್ದು ಎರಡೇ

ಒಂದು, ನಮ್ಮ ವಿಭಾಗಗಳನ್ನ. ಓಪನ್-ಎಂಡೆಡ್ ಪ್ರಯೋಗ ಅಂತ ಲ್ಯಾಬ್‌ನಲ್ಲಿ ಜಾಗ ಸಿಗೋ ಕಡೆಯಲ್ಲೆಲ್ಲ ಈ ಎರಡು ಗಂಟೆಯ ಪ್ರಯೋಗ ಸೇರಿಸಿ. ಸಿಲಬಸ್ ಬದಲಾಗೋವರೆಗೆ ಕಾಯಬೇಕಿಲ್ಲ. ಸೀನಿಯರ್‌ಗಳು ಜೂನಿಯರ್‌ಗಳಿಗೆ ಶನಿವಾರ ಹೇಳಿಕೊಟ್ಟರೂ ಆಗುತ್ತೆ, ಕನ್ನಡದಲ್ಲೇ ಹೇಳಿಕೊಡಬಹುದು. ಪಾಲು, ಚೆಕ್ಕುಬಂದಿ, ಕಿಂಡಿ, ಮಿತಿ ಅನ್ನೋ ಪದಗಳಲ್ಲಿ ಕೇಳಿದವರಿಗೆ ಇಂಗ್ಲಿಷ್ ಮ್ಯಾನ್ಯುಯಲ್ ಆಮೇಲೆ ಸಲೀಸಾಗುತ್ತೆ.

ಎರಡು, ನಮ್ಮನ್ನೇ. ನೆಟ್ ನಿಧಾನ ಆದಾಗ ಸಿಸ್ಟಂ ಅಡ್ಮಿನ್ ಸರ್ ಮೇಲೆ ಗೊಣಗೋ ಬದಲು ಒಂದು ಹಾಳೆ ತಗೊಂಡು ಯಾವುದೇ ಹಂಚಿಕೊಂಡ ನೆಟ್‌ವರ್ಕ್‌ಗೆ ಈ ಪಾಲುಪತ್ರ ಬರೆಯೋ ಅಭ್ಯಾಸ ಮಾಡಿಕೊಳ್ಳೋಣ. ಪಾಲು ಎಷ್ಟು? ಯಾವುದರ ಮಧ್ಯೆ ಕಿಂಡಿ ಬೇಕು, ಯಾಕೆ ಬೇಕು? ಹಂಚದೆ ಉಳಿದಿದ್ದು ಏನೇನು, ಪ್ರತಿಯೊಂದಕ್ಕೂ ಮಿತಿ ಎಷ್ಟು? ಯಜಮಾನಿಕೆಯ ಕೀಲಿ ಯಾರ ಹತ್ತಿರ ಇದೆ, ಅವರು ಬಂದು ಹೋದದ್ದು ಎಲ್ಲಿ ಬರೆದಿರುತ್ತೆ? ಈ ನಾಲ್ಕು ಸಾಲು ಬರೆಯೋಕೆ ಬಂದವರಿಗೆ ಸಿಸ್ಕೋ ಆದರೇನು, ಫೋರ್ಟಿನೆಟ್ ಆದರೇನು, ಆಜ್ಞೆಗಳು ಒಂದು ವಾರದ ಕೆಲಸ. ಬರೆಯೋಕೆ ಬರದವರಿಗೆ ಸರ್ಟಿಫಿಕೇಟ್ ಎಷ್ಟಿದ್ದರೂ ಉಪಯೋಗ ಇಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ನಮ್ಮಲ್ಲಿ ಗಾದೆ ಇದೆ. ಪಹಣಿಯಿಂದ ಹಿಡಿದು ಪಿಂಚಣಿವರೆಗೆ ನಮ್ಮ ಮನೆಯವರ ಬದುಕು ಇಂಥ ಹಂಚಿಕೊಂಡ ಪೆಟ್ಟಿಗೆಗಳ ಮೂಲಕವೇ ಹಾದು ಹೋಗ್ತಿದೆ. ಇನ್ನು ನಾಲ್ಕೈದು ವರ್ಷದಲ್ಲಿ ಅವನ್ನ ನೋಡಿಕೊಳ್ಳೋ ಕೆಲಸ ನಮ್ಮಲ್ಲೇ ಕೆಲವರ ಕೈಗೆ ಬರುತ್ತೆ. ಬರೋದಕ್ಕೆ ಮುಂಚೆ ಆ ಎರಡು ಗಂಟೆಯ ಪ್ರಯೋಗ ಮಾಡಿ ನೋಡಿರೋಣ.